ಗುಡ್ಡ ಹತ್ತುವವರಿಗೆ ನಮ್ಮೂರ ಮುಲಾಮು: ಕಾಸರಗೋಡಿನಲ್ಲಿ ಸಣ್ಣ ಸ್ಕಿನ್‌ಕೇರ್ ಉದ್ಯಮ ಕಟ್ಟುವ ಬಗೆ

ರಾಣಿಪುರಂ ಗುಡ್ಡ ಇಳಿದು ಬರುವವರ ನಡಿಗೆ ನೋಡಿದ್ದೀರಾ? ಹತ್ತುವಾಗ ಹಾಡುತ್ತಾ ಹೋದವರು ಇಳಿಯುವಾಗ ಕಾಲು ಅಗಲಿಸಿಕೊಂಡು ಮೆಲ್ಲಗೆ ಬರುತ್ತಾರೆ. ಬೆವರು, ಒದ್ದೆ ಬಟ್ಟೆ, ತೊಡೆಗೆ ತೊಡೆ ಉಜ್ಜಿ ಚರ್ಮ ಕೆಂಪಾಗಿರುತ್ತದೆ. ತುಟಿ ಒಣಗಿರುತ್ತದೆ. ಹಿಮ್ಮಡಿಯ ಒಡಕಿಗೆ ಮಣ್ಣು ಸೇರಿರುತ್ತದೆ. ಕೆಲವು ವರ್ಷದ ಹಿಂದೆ ನನ್ನ ಅಕ್ಕನ ಮಗ ಹೀಗೇ ಕುಂಟುತ್ತಾ ಮನೆಗೆ ಬಂದ. ಅಮ್ಮ ಒಳಗಿನಿಂದ ಪುನರ್ಪುಳಿ (ಕೋಕಂ) ಬೀಜದ ತುಪ್ಪದ ಉಂಡೆ ತಂದು, ತೆಂಗಿನೆಣ್ಣೆಯಲ್ಲಿ ಕರಗಿಸಿ ಕೊಟ್ಟರು. ಮರುದಿನ ಅವನು ಕೇಳಿದ್ದು ಒಂದೇ ಮಾತು: "ಚಿಕ್ಕಮ್ಮ, ಇದನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಡಬಹುದಾ? ನನ್ನ ಫ್ರೆಂಡ್ಸಿಗೂ ಬೇಕು."

ನನ್ನ ಕೆಲಸ ಸುರುವಾದದ್ದು ಅಲ್ಲಿಂದ. ಈಗ ಗುಡ್ಡ ಹತ್ತುವವರು, ಬೇಕಲದ ಕಡಲ ಬದಿಯಲ್ಲಿ ಓಡುವವರು, ವಲಿಯಪರಂಬದ ಹಿನ್ನೀರಿನಲ್ಲಿ ಕಯಾಕ್ ಹುಟ್ಟು ಹಾಕುವವರು, ಬೈಕಿನಲ್ಲಿ ಭಾಗಮಂಡಲಕ್ಕೆ ಹೋಗುವವರು ನನ್ನ ಗಿರಾಕಿಗಳು. ಇಂಥದ್ದೊಂದು ಸುರು ಮಾಡಬೇಕು ಎಂದು ತುಂಬ ಜನ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ

ಡಬ್ಬಿಯ ಮೇಲೆ ಏನು ಬರೆಯುತ್ತೀರೋ ಅದು ನಿಜವಾಗಿರಬೇಕು. ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಬೇರೆಯೇ ತೂಕ ಉಂಟು. ಎಣ್ಮಕಜೆ, ಪಡ್ರೆ, ಬೆಳ್ಳೂರು ಭಾಗದ ಗೇರುತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಏನೂ ಆಗುವುದಿಲ್ಲ ಎಂದೇ ಜನ ನಂಬಿದ್ದರು. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳ ಬದುಕು ಮುರಿದಿತ್ತು. ಇಂಥ ಊರಿನಲ್ಲಿ ಕುಳಿತು 'ನೈಸರ್ಗಿಕ', 'ವಿಷವಿಲ್ಲ' ಎಂದು ಸುಮ್ನೆ ಬರೆಯಲು ನನಗೆ ಕೈ ಬರುವುದಿಲ್ಲ. ನೈಸರ್ಗಿಕ ಎಂದು ಬರೆದರೆ ಒಳಗಿರುವ ಪ್ರತಿಯೊಂದೂ ಎಲ್ಲಿಂದ ಬಂತು ಎಂದು ಹೇಳಲು ತಯಾರಿರಬೇಕು. ಗೇರುತೋಟದ ಪಕ್ಕದ ಜೇನುಪೆಟ್ಟಿಗೆಯಾದರೆ ಆ ತೋಟಕ್ಕೆ ಏನು ಸಿಂಪಡಿಸುತ್ತಾರೆ ಎಂದೂ ಕೇಳಬೇಕು.

ಏನು ಮಾಡಬೇಕು, ಏನನ್ನು ಮುಟ್ಟಬಾರದು

ಸುರುವಿಗೆ ನೀರಿಲ್ಲದ ವಸ್ತುಗಳನ್ನೇ ಆರಿಸಿ. ತುಟಿಗೆ ಹಚ್ಚುವ ಬಾಮ್, ತೊಡೆ ಉಜ್ಜದಂತೆ ಹಚ್ಚುವ ಸ್ಟಿಕ್, ಹಿಮ್ಮಡಿ ಮುಲಾಮು, ಸ್ನಾನದ ನಂತರ ಮೈಗೆ ಹಚ್ಚುವ ಎಣ್ಣೆ. ಎಣ್ಣೆ, ತುಪ್ಪ, ಮೇಣ ಇಷ್ಟೇ ಇದ್ದರೆ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯಲು ಬೇಕಾದ ನೀರು ಅದರಲ್ಲಿರುವುದಿಲ್ಲ.

ಲೋಳೆಸರದ ಜೆಲ್, ಗುಲಾಬಿ ನೀರಿನ ಕ್ರೀಮ್ ಮಾಡಲು ಎಲ್ಲರಿಗೂ ಆಸೆ. ನಾನೂ ಮಾಡಿದೆ. ಹಿತ್ತಿಲಿನ ಲೋಳೆಸರ ಸುಲಿದು, ಅರೆದು, ಎಣ್ಣೆಯೊಂದಿಗೆ ಕಡೆದು ಕ್ರೀಮ್ ಮಾಡಿದಾಗ ನೋಡಲು ಬೆಣ್ಣೆಯ ಹಾಗಿತ್ತು. ಆಟಿ ತಿಂಗಳ ಮಳೆ. ಒಂಬತ್ತನೇ ದಿನ ಮುಚ್ಚಳ ತೆಗೆದರೆ ಬದಿಯಲ್ಲಿ ಬೂದು ಬಣ್ಣದ ಚುಕ್ಕೆ. ಕಣ್ಣಿಗೆ ಕಂಡದ್ದು ಪುಣ್ಯ, ಕಾಣದೆ ಬೆಳೆದಿದ್ದರೆ ಯಾರದ್ದಾದರೂ ಗೀರಿದ ಚರ್ಮಕ್ಕೆ ಹೋಗುತ್ತಿತ್ತು. ನೀರು ಸೇರಿದರೆ ಸರಿಯಾದ ಪ್ರಿಸರ್ವೇಟಿವ್ ಬೇಕು, ಅದು ಕೆಲಸ ಮಾಡುತ್ತದಾ ಎಂದು ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು. ವಿಟಮಿನ್ ಇ ಹಾಕಿದ್ದೇನೆ ಎಂದರೆ ಸಾಲದು. ಅದು ಎಣ್ಣೆ ಕಮಟುವುದನ್ನು ನಿಧಾನ ಮಾಡುತ್ತದೆ ಅಷ್ಟೆ, ಬ್ಯಾಕ್ಟೀರಿಯಾವನ್ನು ತಡೆಯುವುದಿಲ್ಲ.

ಸನ್‌ಸ್ಕ್ರೀನ್ ಮಾಡಬೇಡಿ. ಹೊರಗೆ ತಿರುಗುವವರು ಮೊದಲು ಕೇಳುವುದೇ ಇದನ್ನು. "ತೆಂಗಿನೆಣ್ಣೆಗೆ ಜಿಂಕ್ ಆಕ್ಸೈಡ್ ಪುಡಿ ಕಲಸಿದರೆ ಆಯ್ತಲ್ಲ" ಎನ್ನುತ್ತಾರೆ. ಆಗುವುದಿಲ್ಲ. ಮನೆಯ ಪಾತ್ರೆಯಲ್ಲಿ ಕಲಸಿದ ಪುಡಿ ಗಂಟು ಗಂಟಾಗಿ ಕೂರುತ್ತದೆ. ಒಂದು ಕಡೆ ರಕ್ಷಣೆ ಇರುತ್ತದೆ, ಪಕ್ಕದಲ್ಲೇ ಇರುವುದಿಲ್ಲ. ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಎಸ್‌ಪಿಎಫ್ ಸಂಖ್ಯೆ ಸಿಗುವುದು ಕ್ರಮಬದ್ಧ ಪರೀಕ್ಷೆಯಿಂದ, ಅಂದಾಜಿನಿಂದ ಅಲ್ಲ. ಬರೀ ತೆಂಗಿನೆಣ್ಣೆಯನ್ನು ನಂಬಿ ಮಾರ್ಚ್ ತಿಂಗಳ ಮಧ್ಯಾಹ್ನ ಪೊಸಡಿಗುಂಪೆ ಹತ್ತಿದವನ ಮೂಗು ಸುಟ್ಟೇ ಸುಡುತ್ತದೆ. ನಾನು ಗಿರಾಕಿಗಳಿಗೆ ನೇರವಾಗಿ ಹೇಳುತ್ತೇನೆ: ಸನ್‌ಸ್ಕ್ರೀನ್ ದೊಡ್ಡ ಕಂಪೆನಿಯದ್ದು ತಗೊಳ್ಳಿ, ತಲೆಗೆ ಅಗಲ ಅಂಚಿನ ಟೊಪ್ಪಿ ಹಾಕಿ. ನಮ್ಮ ಅಜ್ಜಂದಿರು ತೋಟಕ್ಕೆ ಹೋಗುವಾಗ ಅಡಿಕೆ ಹಾಳೆಯ ಮುಟ್ಟಾಳೆ ಇಡುತ್ತಿದ್ದದ್ದು ನೆನಪುಂಟಲ್ಲ?

ಸೊಳ್ಳೆ ಓಡಿಸುವ ಎಣ್ಣೆ, ಉಂಬಳ ಹತ್ತದ ಮುಲಾಮು ಇವೂ ಬೇಡ. ಕೀಟ ಓಡಿಸುತ್ತದೆ ಎಂದ ಕೂಡಲೇ ಅದು ಸೌಂದರ್ಯವರ್ಧಕದ ಲೆಕ್ಕದಿಂದ ಹೊರಗೆ ಹೋಗಿ 1968ರ ಕೀಟನಾಶಕ ಕಾಯ್ದೆಯ ಕಡೆಗೆ ತಿರುಗುತ್ತದೆ. ಹಾಗೆಯೇ 'ಕಜ್ಜಿ ಗುಣವಾಗುತ್ತದೆ', 'ಎಕ್ಸಿಮಾ ವಾಸಿ' ಎಂದು ಬರೆದರೆ ಅದು ಔಷಧಿ. ಅದಕ್ಕೆ ಬೇರೆ ಲೈಸೆನ್ಸ್. 'ಒಣ ಚರ್ಮವನ್ನು ಮೃದು ಮಾಡುತ್ತದೆ', 'ಉಜ್ಜುವುದನ್ನು ಕಡಿಮೆ ಮಾಡುತ್ತದೆ' ಇಷ್ಟಕ್ಕೆ ನಿಲ್ಲಿಸಿ. ಮಾರಾಟಕ್ಕೆ ಇಷ್ಟು ಸಾಕಾಗುತ್ತದೆ.

ನಮ್ಮ ಸುತ್ತ ಸಿಗುವ ಸಾಮಗ್ರಿ

ತೆಂಗಿನೆಣ್ಣೆ. ಇದರಲ್ಲಿ ಹೆಚ್ಚಿನ ಪಾಲು ಸ್ಯಾಚುರೇಟೆಡ್ ಕೊಬ್ಬು. ಹಾಗಾಗಿ ಬೇಗ ಕಮಟುವುದಿಲ್ಲ, ಮುಲಾಮಿಗೆ ಒಳ್ಳೆಯ ಬುನಾದಿ. ಆದರೆ ಸುಮಾರು 24 ಡಿಗ್ರಿಯಲ್ಲೇ ಕರಗುತ್ತದೆ. ಅಂದರೆ ನಮ್ಮಲ್ಲಿ ವರ್ಷದ ಹೆಚ್ಚು ದಿನ ಅದು ನೀರಿನ ಹಾಗೇ ಇರುತ್ತದೆ. ಕೊಬ್ಬರಿ ಸರಿಯಾಗಿ ಒಣಗದೆ ಗಾಣಕ್ಕೆ ಹಾಕಿದರೆ ಎಣ್ಣೆಯಲ್ಲಿ ನೀರಿನಂಶ ಉಳಿಯುತ್ತದೆ. ಕಂಡುಹಿಡಿಯುವುದು ಸುಲಭ. ಒಂದು ಚಮಚ ಎಣ್ಣೆ ಸಣ್ಣ ಬಾಣಲೆಯಲ್ಲಿ ಬಿಸಿ ಮಾಡಿ ಕಿವಿ ಕೊಡಿ. ಚಟಪಟ ಸದ್ದು ಬಂದರೆ ನೀರುಂಟು. ಆ ಡಬ್ಬ ಅಡುಗೆಗೆ ಇರಲಿ. ವರ್ಜಿನ್ ತೆಂಗಿನೆಣ್ಣೆ ಮಾಡುವುದನ್ನು ಕಲಿಯಬೇಕಾದರೆ ಕಾಸರಗೋಡಿನಲ್ಲೇ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಉಂಟು. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಸುರುವಾದ ಜಾಗ ಅದು. ಅಲ್ಲಿ ಕೃಷಿ ಉದ್ಯಮ ಕಟ್ಟುವವರಿಗೆ ಮಾರ್ಗದರ್ಶನ ಕೊಡುವ ಘಟಕವೂ ಇದೆ. ಹತ್ತಿರದಲ್ಲಿ ಇಂಥದ್ದೊಂದು ಇಟ್ಟುಕೊಂಡು ನಾವು ಯೂಟ್ಯೂಬ್ ನೋಡುತ್ತಾ ಕೂರುವುದು ಸರಿಯಲ್ಲ, ಅಲ್ವಾ?

ಪುನರ್ಪುಳಿ ಬೀಜದ ತುಪ್ಪ. ಉತ್ತರ ಕನ್ನಡದವರು ಇದನ್ನು ಮುರುಗಲ ತುಪ್ಪ ಎನ್ನುತ್ತಾರೆ. ಬೇಸಿಗೆಯಲ್ಲಿ ಸಿಪ್ಪೆಯನ್ನು ಶರಬತ್ತಿಗೆ ತೆಗೆದ ಮೇಲೆ ಬೀಜ ಎಸೆಯುವ ಮನೆಗಳು ಈಗಲೂ ಉಂಟು. ಅದನ್ನು ತೊಳೆದು, ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬೇ ಈ ತುಪ್ಪ. ಕೋಣೆಯ ಬಿಸಿಯಲ್ಲಿ ಗಟ್ಟಿ. ಸುಮಾರು 40 ಡಿಗ್ರಿಯ ಹತ್ತಿರ ಕರಗುತ್ತದೆ. ಕರಾವಳಿಯ ಸೆಕೆಗೆ ಸ್ಟಿಕ್ ನಿಲ್ಲಬೇಕಾದರೆ ಇದು ಬೇಕೇ ಬೇಕು. ನೆರೆಮನೆಗಳಿಂದ ಬೀಜ ಕೊಂಡುಕೊಳ್ಳಿ. ಎಸೆಯುವ ವಸ್ತುವಿಗೆ ನಾಲ್ಕು ಕಾಸು ಸಿಕ್ಕಿದರೆ ಮುಂದಿನ ವರ್ಷ ಅವರೇ ಒಣಗಿಸಿ ಇಟ್ಟಿರುತ್ತಾರೆ. ಮನೆಯಲ್ಲಿ ಕುದಿಸಿ ತೆಗೆದ ತುಪ್ಪದಲ್ಲಿ ನೀರು ಉಳಿದಿರುತ್ತದೆ. ಅದನ್ನು ಪುನಃ ಮೆಲ್ಲನೆ ಕಾಯಿಸಿ, ಸದ್ದು ನಿಂತ ಮೇಲೆ ಬಟ್ಟೆಯಲ್ಲಿ ಸೋಸಬೇಕು.

ಜೇನುಮೇಣ. 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ. ಮುಲಾಮಿಗೆ ಬೆನ್ನೆಲುಬು ಇದೇ. ತೊಡುವೆ ಜೇನು ಸಾಕುವವರಲ್ಲಿ ಹಳೆ ಎರಿ (ಜೇನುಗೂಡಿನ ಮೇಣದ ತಟ್ಟೆ) ಸಿಗುತ್ತದೆ. ಪೇಟೆಯ 'ಬಿಳಿ ಮೇಣ'ದಲ್ಲಿ ಪ್ಯಾರಾಫಿನ್ ಬೆರೆತಿರುವುದುಂಟು. ಮೂಸಿ ನೋಡಿ. ಜೇನಿನ ವಾಸನೆ ಒಂಚೂರೂ ಇಲ್ಲದಿದ್ದರೆ ಸಂಶಯ ಪಡಿ, ಪರೀಕ್ಷೆಯ ವರದಿ ಕೇಳಿ.

ಪರಿಮಳಕ್ಕೆ ಹಾಕುವ ಎಣ್ಣೆಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಿಂಬೆಯ ಸಿಪ್ಪೆಯಿಂದ ಹಿಂಡಿ ತೆಗೆದ ಎಣ್ಣೆ, ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗಾಗಿ ಕಪ್ಪು ಕಲೆ ಉಳಿಯಬಹುದು. ನಮ್ಮ ಗಿರಾಕಿ ಇಡೀ ದಿನ ಬಿಸಿಲಿನಲ್ಲಿರುವವನು. ಹಾಗಾಗಿ ಇವೆರಡೂ ನನ್ನ ಕೋಣೆಯೊಳಗೇ ಇಲ್ಲ. ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆಗೆ ಆ ದೋಷ ಇಲ್ಲ. ಆದರೆ ಕೆಲವರಿಗೆ ತುರಿಕೆ ತರುತ್ತದೆ. ಒಂದು ಕಿಲೋ ಮುಲಾಮಿಗೆ 5 ಗ್ರಾಮಿನ ಮೇಲೆ ಹೋಗಬೇಡಿ. ತುಟಿಯ ಬಾಮಿಗೆ ಪರಿಮಳವೇ ಬೇಡ. ಅರಿಶಿನ ಬಟ್ಟೆಗೆ ಕಲೆ ಮಾಡುತ್ತದೆ, ಬಿಡಿ.

ಮೊದಲ ಬ್ಯಾಚ್: ಉಜ್ಜುವಿಕೆ ತಡೆಯುವ ಸ್ಟಿಕ್

ಇದನ್ನು ಪೂರ್ತಿ ಹೇಳುತ್ತೇನೆ. ಇದೊಂದು ಕೈಗೆ ಬಂದರೆ ತುಟಿಯದ್ದು, ಹಿಮ್ಮಡಿಯದ್ದು ಎಲ್ಲ ಅಳತೆಯ ವ್ಯತ್ಯಾಸ ಅಷ್ಟೆ.

ಒಂದು ಕಿಲೋಗೆ ತೆಂಗಿನೆಣ್ಣೆ 500 ಗ್ರಾಂ, ಪುನರ್ಪುಳಿ ತುಪ್ಪ 220 ಗ್ರಾಂ, ಜೇನುಮೇಣ 270 ಗ್ರಾಂ, ವಿಟಮಿನ್ ಇ 5 ಗ್ರಾಂ, ಮಜ್ಜಿಗೆ ಹುಲ್ಲಿನ ಎಣ್ಣೆ 5 ಗ್ರಾಂ. ಎಲ್ಲವನ್ನೂ ತೂಕದಲ್ಲೇ ಅಳೆಯಿರಿ. ಲೋಟ, ಚಮಚದ ಲೆಕ್ಕ ಬೇಡ. ಕಡಿಮೆ ತೂಗುವ ವಸ್ತುಗಳಿಗೆ 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇರಲಿ.

ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ. ಅದರೊಳಗೆ ಸ್ಟೀಲಿನ ಸಣ್ಣ ಪಾತ್ರೆ ಇಟ್ಟು ಮೊದಲು ಮೇಣ ಹಾಕಿ. ನೇರ ಬೆಂಕಿಗೆ ಇಡಬೇಡಿ, ಮೇಣಕ್ಕೆ ಬೆಂಕಿ ಹತ್ತುತ್ತದೆ. ಒಳಗಿನ ಪಾತ್ರೆಗೆ ಒಂದು ಹನಿ ನೀರೂ ಹಾರಬಾರದು. ಮೇಣ ಕರಗಿದ ಮೇಲೆ ತುಪ್ಪ, ಆಮೇಲೆ ಎಣ್ಣೆ. ಎಣ್ಣೆ ಸುರಿದ ಕೂಡಲೇ ಮೇಣ ಬಿಳಿ ಎಳೆಗಳಾಗಿ ಕಟ್ಟಿಕೊಳ್ಳುತ್ತದೆ. ಹೆದರಬೇಡಿ, ಮೆಲ್ಲನೆ ಕಲಸುತ್ತಿದ್ದರೆ ಪುನಃ ಕರಗುತ್ತದೆ. ಎಲ್ಲ ತಿಳಿಯಾದ ಮೇಲೆ 75 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಡಿ. ಕೆಳಗಿಳಿಸಿ, 65ಕ್ಕೆ ಬಂದಾಗ ವಿಟಮಿನ್ ಇ, ಪರಿಮಳದ ಎಣ್ಣೆ ಹಾಕಿ ಸ್ಟಿಕ್ಕಿನ ಕೊಳವೆಗೆ ಸುರಿಯಿರಿ.

ಈಗ ಕಣ್ಣಿಟ್ಟು ನೋಡಬೇಕಾದ ಸಮಯ. ಮೊದಲು ಅಂಚಿನಲ್ಲಿ ಹಾಲು ಬಣ್ಣದ ಉಂಗುರ ಕಟ್ಟುತ್ತದೆ. ಆ ಉಂಗುರ ಒಳಕ್ಕೆ ಬರುತ್ತಾ ಬರುತ್ತಾ ಮಧ್ಯದಲ್ಲಿ ಸಣ್ಣ ಕಣ್ಣಿನಷ್ಟು ಎಣ್ಣೆ ಹೊಳೆಯುತ್ತಿರುತ್ತದೆ. ಅದು ಮುಚ್ಚುವಾಗ ಅಲ್ಲೇ ಒಂದು ಗುಳಿ ಬೀಳುತ್ತದೆ. ಒಳಗೆ ಟೊಳ್ಳಾದರೆ ಗಿರಾಕಿ ತಿರುಗಿಸುವಾಗ ಸ್ಟಿಕ್ ಮುರಿಯುತ್ತದೆ. ಅದಕ್ಕೆ ಸ್ವಲ್ಪ ದ್ರವ ಉಳಿಸಿಕೊಂಡು, ಗುಳಿ ಬಿದ್ದ ಮೇಲೆ ಎರಡನೇ ಸಲ ಸುರಿದು ತುಂಬಿಸಬೇಕು.

ಎರಡು ವಾರ ಕಳೆದಾಗ ಮುಲಾಮಿನಲ್ಲಿ ರವೆಯ ಹಾಗೆ ಹರಳು ಸಿಕ್ಕಿದರೆ ಪುನರ್ಪುಳಿ ತುಪ್ಪ ನಿಧಾನವಾಗಿ ತಣಿದಿದೆ ಎಂದರ್ಥ. ಕೆಟ್ಟದ್ದಲ್ಲ, ಆದರೆ ತುಟಿಗೆ ಚುಚ್ಚುತ್ತದೆ. ಪೂರ್ತಿ ಕರಗಿಸಿ, ಸುರಿದ ಕೂಡಲೇ ಫ್ಯಾನಿನ ಕೆಳಗೋ ಫ್ರಿಜ್ಜಿನಲ್ಲೋ ಬೇಗ ತಣಿಸಿದರೆ ಸರಿಯಾಗುತ್ತದೆ. ಫ್ರಿಜ್ಜಿನಿಂದ ಹೊರಗೆ ತೆಗೆದಾಗ ಬೆವರು ಹನಿಯುತ್ತದೆ, ಅದು ಒಳಗೆ ಹೋಗದಂತೆ ಮುಚ್ಚಳ ಹಾಕಿಯೇ ಇಡಿ.

ತುಟಿ ಬಾಮಿಗೆ ಮೇಣ 220ಕ್ಕೆ ಇಳಿಸಿ ಎಣ್ಣೆ ಜಾಸ್ತಿ ಮಾಡಿ. ಹಿಮ್ಮಡಿಯದ್ದಕ್ಕೆ ತುಪ್ಪ ಜಾಸ್ತಿ.

ಸೋಪಿನ ಬಗ್ಗೆ ಸ್ವಲ್ಪ

ಕಡಲಿಗೆ ಹೋಗುವವರಿಗೆ ತೆಂಗಿನೆಣ್ಣೆಯ ಸೋಪು ಬಹಳ ಒಳ್ಳೆಯದು, ಯಾಕೆಂದರೆ ಬೇರೆ ಸೋಪು ಉಪ್ಪುನೀರಿನಲ್ಲಿ ನೊರೆ ಬಾರದೆ ಒಡೆದು ಹೋಗುವಾಗ ಇದು ನೊರೆ ಕೊಡುತ್ತದೆ. ಒಂದು ಕಿಲೋ ತೆಂಗಿನೆಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟೂ ಹಾಕಿದರೆ ಚರ್ಮ ಬಿರಿಯುವಷ್ಟು ಒಣಗುತ್ತದೆ. ಹಾಗಾಗಿ ನೂರಕ್ಕೆ 20 ಪಾಲು ಎಣ್ಣೆ ಹಾಗೇ ಉಳಿಯುವಂತೆ 146 ಗ್ರಾಂ ಹಾಕುವುದು. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ. ಕನ್ನಡಕ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಮಕ್ಕಳು ಆ ಕೋಣೆಗೆ ಬರಬಾರದು. ನಾಲ್ಕರಿಂದ ಆರು ವಾರ ಒಣಗಬೇಕು. ಜೂನ್, ಜುಲೈಯಲ್ಲಿ ಮಾಡಿದ ಸೋಪು ಮಳೆಯ ತೇವ ಹೀರಿ ಮೇಲೆಲ್ಲ ಹನಿ ಹನಿ ಬೆವರುತ್ತದೆ. ನಾನು ನವೆಂಬರಿನಿಂದ ಏಪ್ರಿಲಿನ ಒಳಗೆ ಮಾತ್ರ ಸೋಪು ಮಾಡುತ್ತೇನೆ.

ಪರೀಕ್ಷೆ

ಮೊದಲು ಮನೆಯ ಪರೀಕ್ಷೆ. ಪ್ರತಿ ಬ್ಯಾಚಿನಿಂದ ಎರಡು ಡಬ್ಬಿ ತೆಗೆದಿಡಿ. ಒಂದನ್ನು ಕಪಾಟಿನಲ್ಲಿ, ಇನ್ನೊಂದನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ. ನನ್ನ ಮೊದಲ ಸ್ಟಿಕ್ಕಿನಲ್ಲಿ ಮೇಣ 200 ಗ್ರಾಂ ಮಾತ್ರ ಇತ್ತು. ಕಾರಿನಲ್ಲಿಟ್ಟ ಎರಡು ಗಂಟೆಯಲ್ಲಿ ಸೂಪಾಯಿತು. 270ಕ್ಕೆ ಬಂದದ್ದು ಹೀಗೇ, ನಾಲ್ಕು ಸಲ ಕರಗಿಸಿ. ಟ್ರೆಕ್ಕಿಂಗಿನವರ ಚೀಲದಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ ಅಷ್ಟೇ ಬಿಸಿ ಇರುತ್ತದೆ.

ಆಮೇಲೆ ಒಪ್ಪಿದವರ ಮೇಲೆ ಪ್ಯಾಚ್ ಟೆಸ್ಟ್. ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ 48 ಗಂಟೆ ಕಾಯುವುದು. ಮಾರಾಟಕ್ಕೆ ಮೊದಲು ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ ಸೂಕ್ಷ್ಮಾಣು, ಸೀಸದಂಥ ಭಾರಲೋಹಗಳ ಪರೀಕ್ಷೆ ಮಾಡಿಸಿ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದು ನಮ್ಮ ದೇಶದಲ್ಲಿ 2014ರಿಂದ ನಿಷಿದ್ಧ. ಹಾಗಾಗಿ 'ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ' ಎಂದು ದೊಡ್ಡದಾಗಿ ಬರೆದುಕೊಳ್ಳುವುದರಲ್ಲಿ ವಿಶೇಷ ಏನೂ ಇಲ್ಲ.

ಲೈಸೆನ್ಸ್: ಇಲ್ಲಿ ಅಡ್ಡದಾರಿ ಇಲ್ಲ

ಮನೆಯಲ್ಲೇ ಮಾಡಿದ್ದು, ಸ್ವಲ್ಪವೇ ಮಾಡಿದ್ದು, ಗಿಡಮೂಲಿಕೆಯದ್ದು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಮಾರಲು ಮಾಡುವ ಮುಲಾಮು, ಬಾಮ್, ಸೋಪು ಎಲ್ಲವೂ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಒಳಗೆ ಬರುತ್ತದೆ. ಈಗ ನಡೆಯುತ್ತಿರುವುದು 2020ರ ಕಾಸ್ಮೆಟಿಕ್ಸ್ ನಿಯಮಗಳು. ತಯಾರಿಕೆಯ ಲೈಸೆನ್ಸಿಗೆ ಸಿಒಎಸ್-5 ನಮೂನೆಯಲ್ಲಿ ಆನ್‌ಲೈನ್ ಅರ್ಜಿ, ಸಿಗುವುದು ಸಿಒಎಸ್-8 ನಮೂನೆಯಲ್ಲಿ. ಕೊಡುವವರು ರಾಜ್ಯದ ಔಷಧ ನಿಯಂತ್ರಣ ಇಲಾಖೆ. ಒಮ್ಮೆ ಸಿಕ್ಕಿದರೆ ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಉಳಿಸಿಕೊಳ್ಳಬಹುದು.

ಜಾಗ ಅಡುಗೆಮನೆಯಿಂದ ಬೇರೆಯಾಗಿರಬೇಕು. ತೊಳೆಯಲಾಗುವ ನೆಲ, ಗೋಡೆ, ಕೈ ತೊಳೆಯುವ ವ್ಯವಸ್ಥೆ, ಕಚ್ಚಾವಸ್ತು ಮತ್ತು ತಯಾರಾದ ವಸ್ತುವಿಗೆ ಬೇರೆ ಬೇರೆ ಜಾಗ ಬೇಕು. ಯಾವ ವಸ್ತುವಿಗೆ ಎಷ್ಟು ವಿಸ್ತೀರ್ಣ ಎಂದು ನಿಯಮದಲ್ಲೇ ಇದೆ. ಸೋಪಿಗೆ ಮುಲಾಮಿಗಿಂತ ಜಾಸ್ತಿ ಜಾಗ ಕೇಳುತ್ತದೆ. ಸೋಪನ್ನು ಎರಡನೇ ಹಂತಕ್ಕೆ ಇಡಿ ಎನ್ನುವುದು ಇದಕ್ಕೇ. ತಯಾರಿಕೆ ನೋಡಿಕೊಳ್ಳಲು ಅರ್ಹತೆ ಇರುವ ಒಬ್ಬರು ಬೇಕು. ಫಾರ್ಮಸಿ ಡಿಪ್ಲೊಮಾ ಆದವರು ಆಗಬಹುದು. ಊರಿಗೆ ಮರಳಿ ಬಂದ ಫಾರ್ಮಸಿ ಓದಿದ ಹುಡುಗಿಯರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಅವರನ್ನು ಪಾಲುದಾರರಾಗಿಯೇ ಸೇರಿಸಿಕೊಳ್ಳಿ.

ಇಷ್ಟು ಬಂಡವಾಳ ಒಮ್ಮೆಲೇ ಹಾಕಲು ಆಗದವರಿಗೆ ಇನ್ನೊಂದು ದಾರಿ ಉಂಟು. ಈಗಾಗಲೇ ಲೈಸೆನ್ಸ್ ಇರುವ ಘಟಕದಲ್ಲಿ ನಿಮ್ಮ ಅಳತೆಯ ಪ್ರಕಾರ ಮಾಡಿಸಿ ನಿಮ್ಮ ಹೆಸರಿನಲ್ಲಿ ಮಾರುವುದು. ಮಾಡಿದವರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ ಡಬ್ಬಿಯ ಮೇಲೆ ಇರಬೇಕು ಅಷ್ಟೆ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷಕ್ಕೆ ಇದೇ ಒಳ್ಳೆಯದು. ಗಿರಾಕಿ ಉಂಟಾ ಇಲ್ಲವಾ ಎಂದು ಗೊತ್ತಾಗುತ್ತದೆ. ಆದರೆ ಬ್ಯಾಚ್ ಆಗುವ ದಿನ ನೀವೇ ಅಲ್ಲಿರಿ, ನಿಮ್ಮ ಎಣ್ಣೆ ನಿಮ್ಮ ಡಬ್ಬಿಗೇ ಹೋಯಿತಾ ಎಂದು ನೋಡಿ.

ಕೇರಳದಲ್ಲಿ ಕೆ-ಸ್ವಿಫ್ಟ್ ಎಂಬ ಸರಕಾರಿ ವೆಬ್‌ಸೈಟಿನ ಮೂಲಕ ಒಂದು ಸ್ವೀಕೃತಿ ಪತ್ರ ಸಿಕ್ಕಿದರೆ ಸಣ್ಣ ಉದ್ಯಮ ಬೇಗ ಸುರು ಮಾಡಬಹುದು. ತುಂಬ ಜನ ಅಲ್ಲೇ ಎಡವುತ್ತಾರೆ. ಅದು ಔಷಧ ಇಲಾಖೆಯ ಲೈಸೆನ್ಸಿಗೆ ಬದಲಿ ಅಲ್ಲ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರದ ಉದ್ಯಮ್ ನೋಂದಣಿ ಉಚಿತ, ದುಡ್ಡು ಕೇಳುವ ವೆಬ್‌ಸೈಟುಗಳಿಗೆ ಹೋಗಬೇಡಿ. ಸಾಲಕ್ಕೆ ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಪಿಎಂಇಜಿಪಿ (ಹೊಸ ಉದ್ಯಮದ ಸಾಲಕ್ಕೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ) ಬಗ್ಗೆ ವಿಚಾರಿಸಿ. ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಯರಿಗೆ ಯೋಜನಾ ವೆಚ್ಚದ 35 ಶೇಕಡಾ ಸಬ್ಸಿಡಿ, ಕೈಯಿಂದ ಹಾಕಬೇಕಾದದ್ದು 5 ಶೇಕಡಾ. ಸಾಮಾನ್ಯ ವರ್ಗದ ಗಂಡಸರಿಗೆ ಹಳ್ಳಿಯಲ್ಲಿ ಸಬ್ಸಿಡಿ 25 ಶೇಕಡಾ. ಕನ್ನಡದಲ್ಲಿ ಮಾತಾಡುವವರು ಕಚೇರಿಯಲ್ಲಿ ಸಿಗುತ್ತಾರಾ ಎಂದು ಅಳುಕಬೇಡಿ. ಅರ್ಜಿಯ ಕಾಗದ ಸರಿಯಾಗಿದ್ದರೆ ಕೆಲಸ ಆಗುತ್ತದೆ.

ಲೇಬಲ್ಲಿನಲ್ಲಿ ಏನೆಲ್ಲ ಇರಬೇಕು

ವಸ್ತುವಿನ ಹೆಸರು, ತಯಾರಕರ ಹೆಸರು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ವರ್ಷ, ಎಷ್ಟರೊಳಗೆ ಬಳಸಬೇಕು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ಮತ್ತು ಇಮೇಲ್, ಒಳಗಿರುವ ವಸ್ತುಗಳ ಪಟ್ಟಿ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು. 30 ಗ್ರಾಮಿಗಿಂತ ಸಣ್ಣ ಡಬ್ಬಿಗೆ ಪಟ್ಟಿ ಕಡ್ಡಾಯ ಅಲ್ಲ. ಆದರೂ ಬರೆಯಿರಿ. ಜೇನುಮೇಣ ಆಗದವರು, ಬಳಸದವರು ಇರುತ್ತಾರೆ.

ಕಡ್ಡಾಯದ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು. ಕನ್ನಡ, ಮಲಯಾಳ ಅದರ ಜೊತೆಗೆ ಸೇರಿಸಬಹುದು. ನಾನು ಹೆಸರನ್ನು ಮೂರು ಲಿಪಿಯಲ್ಲೂ ಹಾಕಿಸಿದ್ದೇನೆ. ಒಮ್ಮೆ ಬೇಕಲದಲ್ಲಿ ಮಂಗಳೂರಿನ ಹುಡುಗಿಯೊಬ್ಬಳು ಡಬ್ಬಿ ತಿರುಗಿಸಿ ನೋಡಿ, "ಅಕ್ಕಾ, ಪುನರ್ಪುಳಿ ಅಂತ ಕನ್ನಡದಲ್ಲೇ ಉಂಟಲ್ಲ!" ಎಂದು ಎರಡು ತಗೊಂಡಳು. ಕಾಗದದ ಲೇಬಲ್ ಮಾತ್ರ ಬೇಡ. ಎಣ್ಣೆ ಕೈಗೆ, ಮಳೆಗೆ ವಾರದೊಳಗೆ ಕಿತ್ತು ಹೋಗುತ್ತದೆ. ನೀರು ಹಿಡಿಯದ ಸ್ಟಿಕ್ಕರ್ ಮಾಡಿಸಿ.

ಬೆಲೆ ಕಟ್ಟುವುದು

40 ಗ್ರಾಮಿನ ಒಂದು ಸ್ಟಿಕ್ಕಿನ ಲೆಕ್ಕ ನೋಡೋಣ. ದರ ಉದಾಹರಣೆಗೆ ಮಾತ್ರ, ತೆಂಗಿನೆಣ್ಣೆಯ ದರ ತಿಂಗಳು ತಿಂಗಳು ಏರಿಳಿಯುತ್ತದೆ. ಒಂದು ಕಿಲೋ ಬ್ಯಾಚಿಗೆ ಸಾಮಗ್ರಿ 700 ರೂಪಾಯಿ ಎಂದಿಟ್ಟುಕೊಳ್ಳಿ. ಪಾತ್ರೆಗೆ ಅಂಟುವುದು ಕಳೆದು 24 ಸ್ಟಿಕ್ ಸಿಗುತ್ತದೆ. ಒಂದಕ್ಕೆ 29. ಕೊಳವೆ 28, ಸ್ಟಿಕ್ಕರ್ 5, ಪೆಟ್ಟಿಗೆ 6. ಮೂರು ಗಂಟೆಯ ಕೆಲಸಕ್ಕೆ 300 ಹಾಕಿದರೆ ಒಂದಕ್ಕೆ 13 ಹತ್ತಿರ. ಕರೆಂಟ್, ಲ್ಯಾಬ್, ಲೈಸೆನ್ಸಿನ ಪಾಲು 15. ಒಟ್ಟು 96. ನಿಮ್ಮ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಕಟ್ಟಬೇಡಿ. ಮನೆಯ ಹೆಂಗಸರು ಮಾಡುವ ದೊಡ್ಡ ತಪ್ಪು ಅದೇ.

ಎಂಆರ್‌ಪಿ 280 ಇಟ್ಟರೆ ಅದರಲ್ಲಿ 18 ಶೇಕಡಾ ಜಿಎಸ್‌ಟಿ ಕಳೆದು 237. ಅಂಗಡಿಯವರಿಗೆ 35 ಶೇಕಡಾ, ಅಂದರೆ 83. ನಿಮಗೆ ಬರುವುದು 154. ಖರ್ಚು ಕಳೆದರೆ 58. ಒಡೆದದ್ದು, ಸ್ಯಾಂಪಲ್ ಕೊಟ್ಟದ್ದು, ಹಿಂದೆ ಬಂದದ್ದು ಎಲ್ಲ ಇದರಿಂದಲೇ ಹೋಗಬೇಕು. 180ಕ್ಕೆ ಮಾರುತ್ತೇನೆ ಎನ್ನುವವರು ಇದೇ ಲೆಕ್ಕ ಒಮ್ಮೆ ಹಾಕಿ ನೋಡಿ.

ಸ್ನಾನದ ಸೋಪಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5 ಶೇಕಡಾಕ್ಕೆ ಇಳಿದಿದೆ. ಮುಲಾಮು, ಬಾಮಿಗೆ 18 ಹಾಗೇ ಇದೆ. ನಮ್ಮ ಗಡಿನಾಡಿಗೆ ಮುಖ್ಯವಾದದ್ದು ಇನ್ನೊಂದು. ರಾಜ್ಯದ ಒಳಗೆ ಮಾತ್ರ ಮಾರಿದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಡ. ಆದರೆ ತಲಪಾಡಿ ದಾಟಿ ಮಂಗಳೂರಿನ ಅಂಗಡಿಗೆ ಒಂದೇ ಪೆಟ್ಟಿಗೆ ಕಳಿಸಿದರೂ ಜಿಎಸ್‌ಟಿ ನೋಂದಣಿ ಬೇಕು. ನಮಗೆ ಮಂಗಳೂರು, ಪುತ್ತೂರು ಮನೆಯಂಗಳ ಇದ್ದ ಹಾಗೆ. ಕಾನೂನಿಗೆ ಅದು ಬೇರೆ ರಾಜ್ಯ. ಮೊದಲೇ ನೋಂದಣಿ ಮಾಡಿಸಿಕೊಳ್ಳಿ.

ಎಲ್ಲಿ ಮಾರುವುದು

ಸೌಂದರ್ಯವರ್ಧಕ ಮಾರುವ ಅಂಗಡಿಗೆ ಔಷಧ ಇಲಾಖೆಯ ಲೈಸೆನ್ಸ್ ಬೇಡ. ಹಾಗಾಗಿ ಯಾವ ಅಂಗಡಿಯಲ್ಲೂ ಇಡಬಹುದು. ಫ್ಯಾನ್ಸಿ ಅಂಗಡಿಗಿಂತ ಗಿರಾಕಿ ನಡೆಯುವ ದಾರಿಯೇ ಒಳ್ಳೆಯದು. ಗುಡ್ಡದ ಬುಡದ ಹೋಟೆಲು, ಹೋಮ್‌ಸ್ಟೇ, ಸೈಕಲ್ ರಿಪೇರಿಯ ಅಂಗಡಿ, ಕಯಾಕ್ ಬಾಡಿಗೆ ಕೊಡುವವರು. ಹೋಮ್‌ಸ್ಟೇಯ ಪ್ರತಿ ಕೋಣೆಯಲ್ಲಿ ಒಂದು ಸಣ್ಣ ಹಿಮ್ಮಡಿ ಮುಲಾಮು ಇಡಲು ಒಪ್ಪಿಸಿ. ರಾತ್ರಿ ಕಾಲಿಗೆ ಹಚ್ಚಿ ಮಲಗಿದವರು ಬೆಳಿಗ್ಗೆ ತಾವೇ ಕೇಳುತ್ತಾರೆ. ಮಂಗಳೂರಿನ, ಕಾಞಂಗಾಡಿನ ಓಟದ ಗುಂಪು, ಸೈಕಲ್ ಗುಂಪುಗಳಿಗೆ ಭಾನುವಾರ ಬೆಳಿಗ್ಗೆ ಹೋಗಿ ನಾಲ್ಕು ಸ್ಟಿಕ್ ಕೊಟ್ಟು, ಒಂದು ತಿಂಗಳು ಬಿಟ್ಟು ದೂರು ಕೇಳಿ. ಹೊಗಳಿಕೆ ಬೇಡ, ದೂರೇ ಬೇಕು.

ಮಾರ್ಚಿನಿಂದ ಮೇವರೆಗೆ ಕೊರಿಯರಿನಲ್ಲಿ ಕಳಿಸುವಾಗ ವಾರದ ಸುರುವಿನಲ್ಲೇ ಕಳಿಸಿ. ಶನಿವಾರ ಕಳಿಸಿದ್ದು ಗೋದಾಮಿನ ಸೆಕೆಯಲ್ಲಿ ಎರಡು ದಿನ ಕೂರುತ್ತದೆ.

ಬ್ಯಾಚ್ ಪುಸ್ತಕ

ಪ್ರತಿ ಬ್ಯಾಚಿಗೆ ಒಂದು ಪುಟ. ಯಾವ ದಿನ, ಯಾರ ಎಣ್ಣೆ, ಯಾರ ಮೇಣ, ಎಷ್ಟು ಡಿಗ್ರಿ, ಎಷ್ಟು ಡಬ್ಬಿ, ಯಾರಿಗೆ ಹೋಯಿತು. ಬರೆಯಲು ಐದು ನಿಮಿಷ ಸಾಕು. ಕಳೆದ ವರ್ಷ ಕಾಞಂಗಾಡಿನಿಂದ ಓಟಗಾರರೊಬ್ಬರು ಫೋನ್ ಮಾಡಿ ತೊಡೆಯಲ್ಲಿ ತುರಿಕೆ ಎದ್ದಿದೆ ಎಂದರು. ಬ್ಯಾಚ್ ಸಂಖ್ಯೆ ಕೇಳಿ ಪುಸ್ತಕ ತೆಗೆದೆ. ಆ ಸಲ ಮಜ್ಜಿಗೆ ಹುಲ್ಲಿನ ಎಣ್ಣೆ ಹೊಸಬರಿಂದ ತಂದದ್ದು, ಹಳೆಯದಕ್ಕಿಂತ ತುಂಬ ಕಟು ಇತ್ತು ಎಂದು ನಾನೇ ಬದಿಯಲ್ಲಿ ಬರೆದಿಟ್ಟಿದ್ದೆ. ಆ ಬ್ಯಾಚಿನ 24ರಲ್ಲಿ 2 ಮನೆಯಲ್ಲೇ ಇತ್ತು. ಉಳಿದ 22 ಯಾರ ಕೈಯಲ್ಲಿವೆ ಎಂದು ಪುಟದಲ್ಲಿತ್ತು. ಸಂಜೆಯೊಳಗೆ ಎಲ್ಲರಿಗೂ ಫೋನ್ ಮಾಡಿ, ಬಳಸಬೇಡಿ, ಬೇರೆ ಕಳಿಸುತ್ತೇನೆ ಎಂದು ಹೇಳಿದೆ. ಇನ್ನಿಬ್ಬರಿಗೂ ಸಣ್ಣಗೆ ತುರಿಕೆ ಆಗಿತ್ತು, ಹೇಳಿರಲಿಲ್ಲ. ಆ ವಾರದಿಂದ ಪರಿಮಳವೇ ಇಲ್ಲದ ಸ್ಟಿಕ್ಕನ್ನೂ ಮಾಡುತ್ತಿದ್ದೇನೆ. ಈಗ ಅದೇ ಜಾಸ್ತಿ ಹೋಗುತ್ತದೆ.